ಒಂದರಲ್ಲಿ ಕಿಡಿ, ಇನ್ನೊಂದರಲ್ಲಿ ಬಿಸಿ: ಸ್ಟಾರ್ಟ್ ಆಗದ ಎರಡು ಎಂಜಿನ್‌ಗಳ ರಿಪೇರಿ ದಾಖಲೆ

ಬೆಂಚಿನ ಮೇಲೆ ಎರಡು ಸಣ್ಣ ಎಂಜಿನ್. ಒಂದು 163 ಸಿ.ಸಿ. ಪೆಟ್ರೋಲ್: ಬೋರ್ (ಸಿಲಿಂಡರಿನ ಒಳವ್ಯಾಸ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 45 ಮಿ.ಮೀ., ಕಂಪ್ರೆಷನ್ ಅನುಪಾತ (ಒಳಗಿನದು ಎಷ್ಟರಲ್ಲಿ ಒಂದು ಪಾಲಿಗೆ ಒತ್ತಲ್ಪಡುತ್ತದೆ ಎಂಬುದು) 8.5ಕ್ಕೆ 1, ಹಗ್ಗ ಎಳೆದು ಚಾಲೂ ಮಾಡುವಂಥದ್ದು. ಇನ್ನೊಂದು 418 ಸಿ.ಸಿ. ಡೀಸೆಲ್: ಬೋರ್ 86, ಸ್ಟ್ರೋಕ್ 72, ಅನುಪಾತ 19ಕ್ಕೆ 1, ಬ್ಯಾಟರಿ ಮತ್ತು ಸೆಲ್ಫ್ ಮೋಟಾರ್ ಇರುವಂಥದ್ದು. ಎರಡೂ ಒಂಟಿ ಸಿಲಿಂಡರ್, ನಾಲ್ಕು ಸ್ಟ್ರೋಕ್, ಏರ್ ಕೂಲ್ಡ್. ಎರಡರ ದೂರೂ ಒಂದೇ: ಸ್ಟಾರ್ಟ್ ಆಗುವುದಿಲ್ಲ. ಆದರೆ ದೂರು ಒಂದೇ ಎಂದು ಎರಡನ್ನೂ ಒಂದೇ ಕ್ರಮದಲ್ಲಿ ಬಿಚ್ಚುತ್ತ ಹೋದರೆ ದಿನವಿಡೀ ಕೆಲಸ ಮಾಡಿದರೂ ಕಾರಣ ಸಿಗುವುದಿಲ್ಲ.

ಮೊದಲು ಒಂದು ಲೆಕ್ಕ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಪೆಟ್ರೋಲ್ ಎಂಜಿನ್ನಿನಲ್ಲಿ 163 ಭಾಗಿಸು 7.5 (ಅನುಪಾತದಲ್ಲಿ ಒಂದು ಕಳೆದದ್ದು), ಅಂದರೆ ಸುಮಾರು 22 ಸಿ.ಸಿ. ಡೀಸೆಲ್‌ನಲ್ಲಿ 418 ಭಾಗಿಸು 18, ಅಂದರೆ ಸುಮಾರು 23 ಸಿ.ಸಿ. ಎರಡೂ ಹೆಚ್ಚುಕಡಿಮೆ ಅಷ್ಟೇ. ಅಷ್ಟೇ ಜಾಗಕ್ಕೆ ಡೀಸೆಲ್ ಎಂಜಿನ್ ಎರಡೂವರೆ ಪಟ್ಟು ಗಾಳಿಯನ್ನು ತುರುಕುತ್ತದೆ. ಬೆಂಕಿ ಹೊತ್ತುವುದು ಆ ತುರುಕುವಿಕೆಯಿಂದಲೇ. ಪೆಟ್ರೋಲ್ ಎಂಜಿನ್ ಒಳಗೆ ಎಳೆದುಕೊಳ್ಳುವುದು ಗಾಳಿ ಮತ್ತು ಪೆಟ್ರೋಲ್ ಮೊದಲೇ ಬೆರೆತ ಮಿಶ್ರಣ, ತೂಕದಲ್ಲಿ ಗಾಳಿ 14.7ಕ್ಕೆ ಪೆಟ್ರೋಲ್ 1ರ ಆಸುಪಾಸು. ಅದು ತಾನಾಗಿ ಹೊತ್ತಿಕೊಳ್ಳಬಾರದು, ಕಿಡಿ ಬಂದಾಗಲೇ ಹೊತ್ತಬೇಕು. ಡೀಸೆಲ್ ಎಳೆದುಕೊಳ್ಳುವುದು ಬರೀ ಗಾಳಿ. ಒತ್ತಿ ಕಾಯಿಸಿದ ಆ ಗಾಳಿಗೆ ಕೊನೆಯ ಗಳಿಗೆಯಲ್ಲಿ ಇಂಧನ ಚಿಮ್ಮುತ್ತದೆ, ಚಿಮ್ಮಿದ್ದು ತಾನಾಗಿ ಹೊತ್ತಿಕೊಳ್ಳಲೇಬೇಕು.

ಆದ್ದರಿಂದ ಪೆಟ್ರೋಲ್‌ನಲ್ಲಿ ಹುಡುಕಬೇಕಾದ್ದು ಕಿಡಿ, ಡೀಸೆಲ್‌ನಲ್ಲಿ ಹುಡುಕಬೇಕಾದ್ದು ಬಿಸಿ. ಮುಂದಿನ ಕೆಲಸವೆಲ್ಲ ಈ ಕ್ರಮದಲ್ಲೇ ನಡೆದಿದೆ.

ಪೆಟ್ರೋಲ್ ಎಂಜಿನ್: ಬಿಸಿಯಾದರೆ ನಿಲ್ಲುತ್ತದೆ

ತಣ್ಣಗಿರುವಾಗ ಎರಡು ಎಳೆತಕ್ಕೆ ಚಾಲೂ. ಲೋಡ್ ಮೇಲೆ ಇಪ್ಪತ್ತು ನಿಮಿಷ ಓಡಿ ದಪ್ಪನೆ ನಿಲ್ಲುತ್ತದೆ. ಅರ್ಧ ಗಂಟೆ ಆರಿಸಿದರೆ ಮತ್ತೆ ಚಾಲೂ. ಇದನ್ನು ಕೇಳಿದೊಡನೆ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ತಂತಿ ಸುರುಳಿ) ಎಂದು ಬೆರಳು ತೋರಿಸುವವರು ಬಹಳ. ಆದರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿದ್ದರೂ ಲಕ್ಷಣ ಥೇಟ್ ಹೀಗೆಯೇ ಇರುತ್ತದೆ. ಪೆಟ್ರೋಲ್ ಇಳಿಯುತ್ತ ಟ್ಯಾಂಕಿನೊಳಗೆ ನಿರ್ವಾತ ಏರಿ, ಕಾರ್ಬೊರೇಟರಿಗೆ ಹರಿವು ನಿಲ್ಲುತ್ತದೆ. ಬಿಟ್ಟರೆ ನಿಧಾನಕ್ಕೆ ಗಾಳಿ ಸೋರಿ ಸರಿಯಾಗುತ್ತದೆ. ನಿಂತ ಕೂಡಲೇ ಮುಚ್ಚಳ ಸಡಿಲಿಸಿ ಎಳೆದು ನೋಡಬೇಕು. ಈ ಎಂಜಿನ್ನಿನಲ್ಲಿ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ಮುಂದಿನದು ಕಿಡಿ. ಪ್ಲಗ್ ಬಿಚ್ಚಿ, ಅದರ ಲೋಹದ ಮೈಯನ್ನು ಹೆಡ್‌ಗೆ ತಾಗಿಸಿ, ಹಗ್ಗ ಎಳೆದು ಕಿಡಿ ನೋಡುವುದು ಎಲ್ಲರ ರೂಢಿ. ಆ ಪರೀಕ್ಷೆಯಲ್ಲಿ ಕಿಡಿ ಇಲ್ಲ ಎಂದರೆ ಇಲ್ಲ. ಇದೆ ಎಂದರೆ ಮಾತ್ರ ನಂಬುವಂತಿಲ್ಲ. ಬಯಲು ಗಾಳಿಯಲ್ಲಿ 0.7 ಮಿ.ಮೀ. ಅಂತರ ಹಾರಲು 3 ಕಿಲೋವೋಲ್ಟ್ ಆಸುಪಾಸು ಸಾಕು. ಸಿಲಿಂಡರಿನೊಳಗೆ ಒತ್ತಡ ಹಲವು ಪಟ್ಟು ಏರಿರುತ್ತದೆ, ಅದೇ ಅಂತರಕ್ಕೆ 10 ಕಿಲೋವೋಲ್ಟ್‌ಗೂ ಮೇಲೆ ಬೇಕಾಗುತ್ತದೆ. ಸೋತ ಕಾಯಿಲ್ ಹೊರಗೆ ಚೆನ್ನಾಗಿಯೇ ಕಿಡಿ ತೋರಿಸಿ ಒಳಗೆ ಕೈಕೊಡುವುದು ಹೀಗೆ. ಅಂತರ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ತೆಗೆದುಕೊಂಡು 5ರಿಂದ 6 ಮಿ.ಮೀ.ಗೆ ಇಟ್ಟು ನೋಡುವುದೇ ಸರಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ, ಹಾಗಾಗಿ ಟೆಸ್ಟರನ್ನು ಅದರಿಂದ ದೂರ ಇಡಬೇಕು. ಇಲ್ಲಿ ತಣ್ಣಗಿದ್ದಾಗ 6 ಮಿ.ಮೀ.ಗೆ ನೀಲಿ ಕಿಡಿ. ಬಿಸಿಯಾಗಿ ನಿಂತಾಗ 2 ಮಿ.ಮೀ. ಕೂಡ ಹಾರಲಿಲ್ಲ.

ಕಾಯಿಲ್ ಬಿಚ್ಚುವ ಮೊದಲು ಎರಡು ತಂತಿ ಕಳಚಿ ನೋಡಬೇಕು. ಸ್ಟಾಪ್ ಸ್ವಿಚ್ಚಿನ ತಂತಿ ಕಾಯಿಲ್‌ನ ಪ್ರೈಮರಿಯನ್ನು (ಕಡಿಮೆ ವೋಲ್ಟೇಜಿನ ಸುರುಳಿ) ಅರ್ತ್ ಮಾಡಿಯೇ ಎಂಜಿನ್ ನಿಲ್ಲಿಸುವುದು. ಎಲ್ಲಾದರೂ ಅದರ ಸಿಪ್ಪೆ ಸುಲಿದು ಬಾಡಿಗೆ ತಾಗಿದ್ದರೆ ಕಿಡಿ ಬರುವುದಿಲ್ಲ. ಎಂಜಿನ್ ಆಯಿಲ್ ಕಡಿಮೆಯಾದಾಗ ಕಿಡಿ ಕಡಿಯುವ ಫ್ಲೋಟ್ ಸ್ವಿಚ್ಚಿನ ತಂತಿಯೂ ಹಾಗೆಯೇ. ಎಂಜಿನ್ ಸಮತಟ್ಟಾಗಿ ಕೂರದಿದ್ದರೆ ಆಯಿಲ್ ಇದ್ದರೂ ಅದು ಕಡಿಯುತ್ತದೆ. ಎರಡನ್ನೂ ಕಳಚಿದ ಮೇಲೂ ಬಿಸಿಯಲ್ಲಿ ಕಿಡಿ ಬರಲಿಲ್ಲ.

ಕಾಯಿಲ್‌ನ ಸೆಕೆಂಡರಿ (ಪ್ಲಗ್ ಕಡೆಯ ಹೆಚ್ಚಿನ ವೋಲ್ಟೇಜಿನ ಸುರುಳಿ) ಅಳೆಯುವಾಗ ಪ್ಲಗ್ ಕ್ಯಾಪ್ ತಿರುಗಿಸಿ ತೆಗೆಯಬೇಕು. ಕ್ಯಾಪಿನೊಳಗೆ ಸಾಮಾನ್ಯವಾಗಿ 5 ಕಿಲೋಓಮ್ ರೆಸಿಸ್ಟರ್ ಇರುತ್ತದೆ, ಅದು ಸೇರಿಕೊಂಡು ಲೆಕ್ಕ ಕೆಡುತ್ತದೆ. ತಣ್ಣಗೆ 6.4 ಕಿಲೋಓಮ್, ಈ ಬಗೆಯ ಕಾಯಿಲಿಗೆ ಸರಿಯಾದ ಅಳತೆಯೇ. ಹಾಟ್ ಏರ್ ಗನ್ನಿನಿಂದ ಸುಮಾರು 90 ಡಿಗ್ರಿಗೆ ಕಾಯಿಸುತ್ತ ಮೀಟರ್ ನೋಡುತ್ತಿದ್ದರೆ, ಮುಳ್ಳು ಒಮ್ಮೆ ತಡವರಿಸಿ ಸರ್ಕ್ಯೂಟ್ ಪೂರ್ತಿ ತೆರೆದುಕೊಂಡಿತು. ಒಳಗಿನ ಕೂದಲೆಳೆ ತಂತಿ ಎಲ್ಲೋ ತುಂಡಾಗಿದೆ. ತಣ್ಣಗಿರುವಾಗ ತುದಿಗಳು ತಾಗಿರುತ್ತವೆ, ಎಪಾಕ್ಸಿ ಹಿಗ್ಗಿದಾಗ ಬೇರೆಯಾಗುತ್ತವೆ. ತಣ್ಣಗಿನ ಅಳತೆಯೊಂದನ್ನೇ ನಂಬಿ ಕಾಯಿಲ್‌ಗೆ ಪಾಸ್ ಕೊಡಬಾರದು.

ಕಾಯಿಲ್ ಯಾಕೆ ಹೋಯಿತು ಎಂಬುದಕ್ಕೆ ಪ್ಲಗ್ ಉತ್ತರ ಹೇಳುತ್ತಿತ್ತು. ಅದರ ಅಂತರ ಸವೆದು 1.1 ಮಿ.ಮೀ. ಆಗಿತ್ತು, ಇರಬೇಕಾದ್ದು 0.7ರಿಂದ 0.8. ಅಂತರ ಹೆಚ್ಚಿದಷ್ಟೂ ಕಿಡಿ ಹಾರಲು ಬೇಕಾದ ವೋಲ್ಟೇಜ್ ಏರುತ್ತದೆ, ಆ ಹೊರೆ ಕಾಯಿಲ್‌ನ ಇನ್ಸುಲೇಷನ್ ಮೇಲೆ ಬೀಳುತ್ತದೆ. ಹಳೆ ಪ್ಲಗ್ಗನ್ನೇ ಬಿಟ್ಟು ಹೊಸ ಕಾಯಿಲ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹೊಸ ಕಾಯಿಲ್ ಕೂರಿಸುವಾಗ ಬೋಲ್ಟ್ ಕೂರುವ ಗುಬುಟುಗಳ ಮೇಲಿನ ಪೇಂಟ್ ಮತ್ತು ತುಕ್ಕನ್ನು ಕೆರೆದು ಬೆಳ್ಳಗೆ ಮಾಡಬೇಕು, ಕಾಯಿಲ್‌ನ ಅರ್ತ್ ಅದೇ. ಫ್ಲೈವ್ಹೀಲ್ ಮ್ಯಾಗ್ನೆಟ್ ಮುಖವನ್ನು ನಯವಾದ ಎಮರಿಯಿಂದ ಉಜ್ಜಿ, ಕಾಯಿಲ್ ಮತ್ತು ಮ್ಯಾಗ್ನೆಟ್ ನಡುವೆ 0.4 ಮಿ.ಮೀ. ಅಂತರ ಇಡಬೇಕು. ಉಕ್ಕಿನ ಫೀಲರ್ ಗೇಜ್ ಬೇಡ. ಮ್ಯಾಗ್ನೆಟ್ ಅದನ್ನು ಎಳೆದುಕೊಂಡು ಬಿಗಿ ಇದ್ದಂತೆ ಭಾಸವಾಗುತ್ತದೆ. ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಪಟ್ಟಿ ಬಳಸಬೇಕು. ಬೋಲ್ಟ್ ಬಿಗಿದ ಮೇಲೆ ಫ್ಲೈವ್ಹೀಲನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಎಲ್ಲೂ ಉಜ್ಜುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹೊಸ ಪ್ಲಗ್ಗನ್ನು ಬೆರಳಲ್ಲೇ ಕೊನೆತನಕ ತಿರುಗಿಸಿ, ವಾಷರ್ ತಾಗಿದ ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು. ಬಳಸಿದ ಪ್ಲಗ್ಗನ್ನೇ ಮತ್ತೆ ಹಾಕುವುದಾದರೆ ಎಂಟನೇ ಒಂದರಿಂದ ಕಾಲು ಸುತ್ತು ಸಾಕು, ಅದರ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ.

ಫ್ಲೈವ್ಹೀಲನ್ನು ಶಾಫ್ಟ್ ಮೇಲೆ ಜರುಗದಂತೆ ಹಿಡಿಯುವ ಕೀ ಬಗ್ಗೆ ಒಂದು ಮಾತು, ಕಿಡಿ ಚೆನ್ನಾಗಿದ್ದೂ ಹಗ್ಗ ಕೈಯನ್ನು ಹಿಂದಕ್ಕೆ ಜಗ್ಗಿದರೆ ನೋಡಬೇಕಾದ್ದು ಅದನ್ನೇ. ಈ ಎಂಜಿನ್ ಕಿಡಿ ಕೊಡುವುದು ಪಿಸ್ಟನ್ ಮೇಲೆ ಮುಟ್ಟುವುದಕ್ಕೆ 20ರಿಂದ 25 ಡಿಗ್ರಿ ಮೊದಲು. ಶಾಫ್ಟ್ ವ್ಯಾಸ 20 ಮಿ.ಮೀ. ಇದ್ದರೆ, ಕೀ ಬರೀ 1 ಮಿ.ಮೀ. ಜರುಗಿದರೂ ಕಿಡಿ ಸುಮಾರು 6 ಡಿಗ್ರಿ ಆಚೀಚೆ ಹೋಗುತ್ತದೆ. ಇಲ್ಲಿ ಕೀ ಸರಿಯಿತ್ತು. ಕಂಪ್ರೆಷನ್ ಗೇಜ್ ಹಾಕಿ ನೋಡುವವರಿಗೊಂದು ಎಚ್ಚರಿಕೆ: ಇಂಥ ಎಂಜಿನ್ನಿನ ಕ್ಯಾಮ್‌ನಲ್ಲಿ ಎಳೆತ ಹಗುರ ಮಾಡುವ ಡಿಕಂಪ್ರೆಷನ್ ವ್ಯವಸ್ಥೆ ಇರುವುದರಿಂದ ಗೇಜ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಷ್ಟಕ್ಕೇ ಹೆದರಿ ಪಿಸ್ಟನ್ ರಿಂಗ್ ಬಿಚ್ಚಬೇಕಿಲ್ಲ.

ಡೀಸೆಲ್: ಬಿಳಿ ಹೊಗೆ ಬರುತ್ತದೆ, ಬೆಂಕಿ ಹೊತ್ತುವುದಿಲ್ಲ

ಬೆಳಗಿನ ತಂಪಿನಲ್ಲಿ ಸೆಲ್ಫ್ ಹೊಡೆದರೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮಧ್ಯಾಹ್ನ ಬಿಸಿಲಿಗೆ ಇಟ್ಟರೆ ತಡವಾಗಿಯಾದರೂ ಹಿಡಿಯುತ್ತದೆ. ಈ ಬಿಳಿ ಹೊಗೆ ತುಂಬ ಮಾಹಿತಿ ಕೊಡುತ್ತದೆ. ಅದು ಉರಿಯದ ಡೀಸೆಲ್‌ನ ಆವಿ. ಪಂಪ್ ಕೆಲಸ ಮಾಡುತ್ತಿದೆ, ಇಂಜೆಕ್ಟರ್ ಚಿಮ್ಮುತ್ತಿದೆ, ಒಳಗಿನ ಗಾಳಿ ಇಂಧನವನ್ನು ಆವಿ ಮಾಡುವಷ್ಟು ಬಿಸಿಯಾಗಿದೆ, ಹೊತ್ತಿಸುವಷ್ಟು ಆಗಿಲ್ಲ. ಹೊಗೆಯೇ ಇಲ್ಲದಿದ್ದರೆ ಇಂಧನ ಬರುತ್ತಿಲ್ಲ ಅಥವಾ ಏರ್ ಹಿಡಿದಿದೆ ಎಂದರ್ಥ. ಆಗ ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ ಗುಳ್ಳೆ ನಿಲ್ಲುವ ತನಕ ಬಿಟ್ಟು, ಆಮೇಲೆ ಇಂಜೆಕ್ಟರ್ ಕಡೆಯ ಪೈಪ್ ನಟ್ ಒಂದು ಸುತ್ತು ಸಡಿಲಿಸಿ, ವೇಗದ ಲಿವರ್ ಪೂರ್ತಿ ಎತ್ತಿ, ಡೀಸೆಲ್ ಪುಚಕ್ಕನೆ ಚಿಮ್ಮುವವರೆಗೆ ತಿರುಗಿಸಿ ಬಿಗಿಯಬೇಕು. ಇಲ್ಲಿ ಅದು ಬೇಕಾಗಲಿಲ್ಲ.

ಬಿಸಿ ಎಷ್ಟು ಬೇಕು? ಸೈಕಲ್ ಪಂಪ್ ಹೊಡೆಯುವಾಗ ತುದಿ ಬಿಸಿಯಾಗುವುದಕ್ಕೂ ಇದಕ್ಕೂ ಸೂತ್ರ ಒಂದೇ. 15 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು 19ನೇ ಒಂದು ಭಾಗಕ್ಕೆ ಬೇಗನೆ, ಸೋರದಂತೆ ಒತ್ತಿದರೆ, ಘಾತಾಂಕ (ಒತ್ತುವಾಗ ಬಿಸಿ ಎಷ್ಟು ಒಳಗೇ ಉಳಿಯುತ್ತದೆ ಎಂದು ತೋರುವ ಸಂಖ್ಯೆ) 1.35 ಹಿಡಿದು ಲೆಕ್ಕ ಹಾಕಿದಾಗ, ಅದು ಸುಮಾರು 530 ಡಿಗ್ರಿಗೆ ಏರುತ್ತದೆ. ಅದೇ ಗಾಳಿಯನ್ನು ನಿಧಾನವಾಗಿ, ಸೋರಿಕೆಯೊಂದಿಗೆ, ಬಿಸಿಯನ್ನು ತಣ್ಣನೆ ಗೋಡೆಗೆ ಬಿಟ್ಟುಕೊಡುತ್ತ ಒತ್ತಿದರೆ ಘಾತಾಂಕ 1.25ಕ್ಕೆ ಇಳಿದು ಉಷ್ಣತೆ 330ರ ಆಸುಪಾಸಿಗೇ ನಿಲ್ಲುತ್ತದೆ. ಅನುಪಾತ 19 ಬದಲಾಗಿಲ್ಲ, ಎಂಜಿನ್ ಬದಲಾಗಿಲ್ಲ, 200 ಡಿಗ್ರಿ ಕಳೆದುಹೋಗಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಡೀಸೆಲ್ ತಾನಾಗಿ ಹೊತ್ತುವ ಉಷ್ಣತೆ 210ರಿಂದ 250 ಡಿಗ್ರಿ ಎಂದು ಪಟ್ಟಿಗಳಲ್ಲಿ ಇರುತ್ತದಲ್ಲ, 330 ಯಾಕೆ ಸಾಲದು? ಪಟ್ಟಿಯ ಅಂಕಿ ಬಂದದ್ದು ಬಿಸಿ ಪಾತ್ರೆಗೆ ಇಂಧನ ಬಿಟ್ಟು ಕಾದು ನೋಡಿದ ಪರೀಕ್ಷೆಯಿಂದ. ಎಂಜಿನ್ನಿನಲ್ಲಿ ಕಾಯಲು ಹೊತ್ತಿಲ್ಲ. ನಿಮಿಷಕ್ಕೆ 200 ಸುತ್ತಿನಲ್ಲಿ ಕ್ರ್ಯಾಂಕ್ 20 ಡಿಗ್ರಿ ತಿರುಗಲು ಹಿಡಿಯುವುದು 17 ಮಿಲಿಸೆಕೆಂಡ್. 3000 ಸುತ್ತಿನಲ್ಲಿ 1 ಮಿಲಿಸೆಕೆಂಡ್‌ಗೆ ಚೂರು ಹೆಚ್ಚು. ಅಷ್ಟರೊಳಗೆ ಹೊತ್ತದಿದ್ದರೆ ಪಿಸ್ಟನ್ ಕೆಳಗಿಳಿದು ಗಾಳಿ ತಣಿದುಬಿಡುತ್ತದೆ. ಚಿಮ್ಮಿದ್ದಕ್ಕೂ ಹೊತ್ತಿದ್ದಕ್ಕೂ ನಡುವಿನ ಈ ವಿಳಂಬ ಬಿಸಿ ಕಡಿಮೆಯಾದಷ್ಟೂ ಬೆಳೆಯುತ್ತದೆ. ಪೆಟ್ರೋಲ್ ಒತ್ತಡದಲ್ಲಿ 300 ಡಿಗ್ರಿ ಮುಟ್ಟಿಯೂ ಕಿಡಿಗಾಗಿ ಸುಮ್ಮನೆ ಕಾಯುವುದು ಸಹ ಇದೇ ಕಾರಣಕ್ಕೆ, ಅದರ ವಿಳಂಬ ತುಂಬ ಉದ್ದ. ಆ ಗುಣವನ್ನು ಆಕ್ಟೇನ್ ಅಳೆಯುತ್ತದೆ. ಬೇಗ ಹೊತ್ತುವ ಗುಣವನ್ನು ಸೀಟೇನ್ ಅಳೆಯುತ್ತದೆ. ಯುರೋಪಿನ ಇಎನ್ 590 ಮಾನಕದ ಡೀಸೆಲ್‌ಗೆ ಸೀಟೇನ್ ಕನಿಷ್ಠ 51 ಇರಬೇಕು, ಅಮೆರಿಕದ ಡಿ975 ಮಾನಕದಲ್ಲಿ 40.

ಕಳೆದುಹೋದ ಬಿಸಿಯನ್ನು ಹುಡುಕುವ ಕೆಲಸ ಶುರುವಾದದ್ದು ಬ್ಯಾಟರಿಯಿಂದ. ಎಷ್ಟೋ ಕಡೆ ಇದನ್ನು ಬಿಟ್ಟು ನೇರ ಪಂಪಿಗೆ ಕೈಹಾಕುತ್ತಾರೆ, ಅದು ತಪ್ಪು. ಡೀಸೆಲ್‌ಗೆ ಸೆಲ್ಫ್ ತಿರುಗಿಸುವ ವೇಗವೇ ಬೆಂಕಿಕಡ್ಡಿ. ನಿಮಿಷಕ್ಕೆ 150ರಿಂದ 200 ಸುತ್ತಿಗಿಂತ ಕೆಳಗಿಳಿದರೆ ಬಿಸಿ ಗೋಡೆಗೆ ಹೋಗುತ್ತದೆ, ರಿಂಗ್ ಸಂದಿನಲ್ಲಿ ಗಾಳಿ ಸೋರಲು ಸಮಯ ಸಿಗುತ್ತದೆ. ಟ್ಯಾಕೋಮೀಟರ್ ತೋರಿಸಿದ್ದು 140. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಟರ್ಮಿನಲ್ ಮೇಲೆ 10.6 ವೋಲ್ಟ್, ಅಂದರೆ ಬ್ಯಾಟರಿ ಸರಿಯಿದೆ. ಮೀಟರಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ತುದಿ ಸೆಲ್ಫ್ ಮೋಟಾರಿನ ಬೋಲ್ಟ್‌ಗೆ ಇಟ್ಟು ಹೊಡೆದರೆ 1.4 ವೋಲ್ಟ್. ಈ ಕೇಬಲ್‌ನಲ್ಲಿ ಅರ್ಧ ವೋಲ್ಟ್ ಮೀರಬಾರದು. ಲಗ್ ಹಿಂದಿನ ರಬ್ಬರ್ ಸರಿಸಿದಾಗ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಹೊಳೆಯುವ ತಾಮ್ರ ಸಿಗುವವರೆಗೆ ಕೇಬಲ್ ಕತ್ತರಿಸಿ ಹೊಸ ಲಗ್ ಕ್ರಿಂಪ್ ಮಾಡಿದ ಮೇಲೆ 0.3 ವೋಲ್ಟ್, ವೇಗ 230 ಸುತ್ತು. ಹೊಗೆ ದಟ್ಟವಾಯಿತು, ಮಧ್ಯೆ ಒಂದೊಂದು ಹೊಡೆತವೂ ಕೇಳಿಸಿತು, ಆದರೂ ಹಿಡಿಯಲಿಲ್ಲ.

ಮುಂದೆ ಕಂಪ್ರೆಷನ್. ಪೆಟ್ರೋಲ್ ಎಂಜಿನ್ನಿನ ಗೇಜ್ ಇಲ್ಲಿ ನಡೆಯುವುದಿಲ್ಲ. 70 ಬಾರ್ ತನಕ ಅಳೆಯುವ ಡೀಸೆಲ್ ಗೇಜ್ ಮತ್ತು ಇಂಜೆಕ್ಟರ್ ತೂತಿಗೆ ಹೊಂದುವ ಅಡಾಪ್ಟರ್ ಬೇಕು. ಬಂದ ಅಳತೆ 17 ಬಾರ್. ಆರೋಗ್ಯವಂತ ಡೀಸೆಲ್‌ನಲ್ಲಿ 25ರಿಂದ 35 ಇರುತ್ತದೆ. ಇಲ್ಲಿ ಪೆಟ್ರೋಲ್ ಎಂಜಿನ್ನಿನ ಅಭ್ಯಾಸದಂತೆ ಸಿಲಿಂಡರಿಗೆ ಆಯಿಲ್ ಸುರಿದು ಮತ್ತೆ ಅಳೆಯಬಾರದು. ಮೇಲಿನ ಜಾಗ ಬರೀ 23 ಸಿ.ಸಿ. ಎಂಬುದು ನೆನಪಿರಲಿ, ಆಯಿಲ್ ಸ್ವಲ್ಪ ಹೆಚ್ಚಾದರೆ ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಮೇಲಾಗಿ ಆ ಆಯಿಲೇ ಹೊತ್ತಿಕೊಳ್ಳಬಹುದು. ಅದರ ಬದಲು ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು, ಫ್ಲೈವ್ಹೀಲ್ ತಿರುಗದಂತೆ ಗಟ್ಟಿಯಾಗಿ ತಡೆದು, ಅಡಾಪ್ಟರ್ ಮೂಲಕ 5ರಿಂದ 6 ಬಾರ್ ಗಾಳಿ ಬಿಟ್ಟು ಕಿವಿಗೊಡಬೇಕು. ಆಯಿಲ್ ಹಾಕುವ ಬಾಯಲ್ಲಿ ಸದ್ದು ಕೇಳಿದರೆ ರಿಂಗ್, ಏರ್ ಫಿಲ್ಟರಿನಲ್ಲಿ ಕೇಳಿದರೆ ಇನ್‌ಲೆಟ್ ವಾಲ್ವ್. ಇಲ್ಲಿ ಸೈಲೆನ್ಸರಿನಲ್ಲಿ ಸುಯ್ ಎನ್ನುತ್ತಿತ್ತು, ಎಕ್ಸಾಸ್ಟ್ ವಾಲ್ವ್.

ಹೆಡ್ ಬಿಚ್ಚುವ ಮೊದಲು ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಕೊಂಡಿಯ ನಡುವಿನ ಅಂತರ. ತಣ್ಣಗಿರುವಾಗ ಎಕ್ಸಾಸ್ಟ್ ಕಡೆ 0.15 ಮಿ.ಮೀ. ಇರಬೇಕಾದಲ್ಲಿ 0.05ರ ಫೀಲರ್ ಕೂಡ ತೂರಲಿಲ್ಲ. ಸೀಟು ಸವೆಯುತ್ತ ಹೋದಂತೆ ವಾಲ್ವ್ ಮೇಲಕ್ಕೆ ಸರಿಯುತ್ತದೆ, ಅಂತರ ತಾನೇ ತಿಂದುಹೋಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಕೂರುವುದೇ ಇಲ್ಲ. ಟ್ಯಾಪೆಟ್ ಸದ್ದು ಮಾಡುತ್ತಿಲ್ಲ ಎಂದು ಸಮಾಧಾನಪಡುವವರು ಗಮನಿಸಬೇಕು: ಡೀಸೆಲ್‌ನಲ್ಲಿ ಸದ್ದಿಲ್ಲದ ಟ್ಯಾಪೆಟ್ಟೇ ಹೆಚ್ಚು ಅಪಾಯ. 0.15ಕ್ಕೆ ಹೊಂದಿಸಿದ ಮೇಲೆ 22 ಬಾರ್.

ಉಳಿದ ಸೋರಿಕೆ ಇಂಜೆಕ್ಟರಿನ ಬುಡದಲ್ಲೇ ಇತ್ತು. ಬಿಚ್ಚುವಾಗಲೇ ಅದರ ಸುತ್ತ ಒದ್ದೆಯಾದ ಕಪ್ಪು ಉಂಗುರ ಕಂಡಿತ್ತು. ಟಾರ್ಚ್ ಬಿಟ್ಟು ನೋಡಿದರೆ ತೂತಿನ ತಳದಲ್ಲಿ ಹಳೆಯ ತಾಮ್ರದ ವಾಷರ್ ಅಂಟಿಕೊಂಡಿತ್ತು. ಅದರ ಮೇಲೆಯೇ ಇನ್ನೊಂದನ್ನು ಹಾಕಿ ಬಿಗಿದಿದ್ದರು. ಇದರಿಂದ ಎರಡು ಹಾನಿ. ಮಸಿಯ ಮೇಲೆ ಕೂತ ವಾಷರ್ ಸೀಲ್ ಆಗುವುದಿಲ್ಲ. ಇಂಜೆಕ್ಟರ್ ಒಂದು ವಾಷರ್ ದಪ್ಪದಷ್ಟು ಮೇಲೆ ಕೂತು, ಚಿಮ್ಮುವ ಎಳೆಗಳು ಪಿಸ್ಟನ್ ತಲೆಯ ಬಟ್ಟಲಿಗೆ ಬೀಳದೆ ಅದರ ಅಂಚಿಗೆ, ತಣ್ಣನೆಯ ಲೋಹಕ್ಕೆ ಬಡಿಯುತ್ತವೆ. ಕೊಕ್ಕೆ ಮಾಡಿದ ತಂತಿಯಿಂದ ಹಳೆಯದನ್ನು ತೆಗೆದು, ಗ್ರೀಸ್ ಹಚ್ಚಿದ ಕಡ್ಡಿಯಿಂದ ಮಸಿ ಒರೆಸಿ, ತೂತು ತೆರೆದಿಟ್ಟೇ ಒಮ್ಮೆ ಸೆಲ್ಫ್ ಹೊಡೆದು ಕಸ ಹಾರಿಸಬೇಕು. ಆಗ ಮುಖ ಅತ್ತ ಇರಬಾರದು. ಹೊಸ ವಾಷರ್ ಒಂದೇ. ಹೊಸದು ಸಿಗದಿದ್ದರೆ ಹಳೆಯದನ್ನು ಮಬ್ಬುಗೆಂಪಿಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗುತ್ತದೆ. ಇಂಜೆಕ್ಟರಿನ ಎರಡು ನಟ್‌ಗಳನ್ನು ಅಷ್ಟಷ್ಟೇ ಬಿಗಿಯುತ್ತ ಬರಬೇಕು. ಒಂದನ್ನೇ ಮೊದಲು ಬಿಗಿದರೆ ಇಂಜೆಕ್ಟರ್ ವಾರೆಯಾಗುತ್ತದೆ. ಅಳತೆ 27 ಬಾರ್‌ಗೆ ಏರಿತು.

ಕೂರಿಸುವ ಮೊದಲು ಇಂಜೆಕ್ಟರನ್ನು ಕೈ ಪಂಪಿನ ಟೆಸ್ಟರಿಗೆ ಹಾಕಿ ನೋಡಿದ್ದಾಯಿತು. 200 ಬಾರ್‌ಗೆ ತೆರೆಯಬೇಕಾದ್ದು 165ಕ್ಕೇ ತೆರೆದು, ಕಿರ್‍ರ್ ಎಂದು ಮಂಜಿನಂತೆ ಚಿಮ್ಮುವ ಬದಲು ದಾರವಾಗಿ ಸುರಿಯುತ್ತಿತ್ತು. ತೆರೆಯುವ ಒತ್ತಡಕ್ಕಿಂತ 20 ಬಾರ್ ಕೆಳಗೆ 10 ಸೆಕೆಂಡ್ ಹಿಡಿದರೆ ತುದಿಯಲ್ಲಿ ಹನಿ ಬೀಳಬಾರದು, ಬಿತ್ತು. ಹೊಸ ನಾಝಲ್ ಹಾಕಿ, ಸ್ಪ್ರಿಂಗ್ ಹಿಂದಿನ ಶಿಮ್ (ತೆಳು ಲೋಹದ ಬಿಲ್ಲೆ) ಸೇರಿಸುತ್ತ ಪ್ರತಿ ಸಲವೂ ಟೆಸ್ಟರಿನಲ್ಲಿ ನೋಡಿ 200ಕ್ಕೆ ತಂದದ್ದಾಯಿತು. 0.1 ಮಿ.ಮೀ. ಶಿಮ್‌ಗೆ ಸುಮಾರು 10 ಬಾರ್ ಏರುತ್ತದೆ ಎಂದು ಹಿಡಿದು ಶುರು ಮಾಡಬಹುದು. ನಾಝಲ್‌ನ ಸೂಜಿ ಮತ್ತು ಮೈ ಜೋಡಿಯಾಗಿಯೇ ತಯಾರಾದವು, ನಡುವಿನ ಸಂದು ಕೆಲವೇ ಮೈಕ್ರಾನ್. ಒಂದರ ಸೂಜಿ ಇನ್ನೊಂದಕ್ಕೆ ಹಾಕುವಂತಿಲ್ಲ. ಶುದ್ಧ ಡೀಸೆಲ್‌ನಲ್ಲಿ ತೊಳೆದು, ಮೈಯನ್ನು ಓರೆಯಾಗಿ ಹಿಡಿದರೆ ಸೂಜಿ ತನ್ನ ಭಾರಕ್ಕೇ ಮೆಲ್ಲಗೆ ಜಾರಬೇಕು. ಚಿಮ್ಮುವ ತುದಿಯ ಮುಂದೆ ಕೈ ಒಡ್ಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಕೊನೆಯದು ಟೈಮಿಂಗ್. ಇಂಜೆಕ್ಟರ್ ಪೈಪ್ ಬಿಚ್ಚಿ, ಪಂಪಿನ ಬಾಯಲ್ಲಿ ಡೀಸೆಲ್ ತುಂಬಿ ನಿಲ್ಲುವಂತೆ ಮಾಡಿ, ಫ್ಲೈವ್ಹೀಲನ್ನು ಸುತ್ತುವ ದಿಕ್ಕಿನಲ್ಲೇ ಬಲು ನಿಧಾನಕ್ಕೆ ತಿರುಗಿಸಬೇಕು. ಬಾಯಲ್ಲಿನ ಡೀಸೆಲ್ ಮಿಸುಕಿದ ಕ್ಷಣವೇ ಇಂಧನ ಒತ್ತಲು ಶುರುವಾದ ಬಿಂದು. ಫ್ಲೈವ್ಹೀಲ್ ವ್ಯಾಸ 240 ಮಿ.ಮೀ. ಇದ್ದರೆ ಅಂಚಿನಲ್ಲಿ 2.1 ಮಿ.ಮೀ.ಗೆ ಒಂದು ಡಿಗ್ರಿ. ಮ್ಯಾನುಯಲ್‌ನ ಅಂಕಿಗಿಂತ 2 ಡಿಗ್ರಿ ತಡವಾಗಿತ್ತು. ಪಂಪಿನ ಕೆಳಗಿನ ಶಿಮ್ ತೆಳುವಾದರೆ ಇಂಜೆಕ್ಷನ್ ಮುಂಚೆ, ದಪ್ಪವಾದರೆ ತಡ, ಸಾಮಾನ್ಯವಾಗಿ 0.1 ಮಿ.ಮೀ.ಗೆ ಒಂದು ಡಿಗ್ರಿಯ ಆಸುಪಾಸು. 0.2 ಮಿ.ಮೀ. ತೆಗೆದು ಮತ್ತೆ ನೋಡಿದಾಗ ಸರಿಹೋಯಿತು. ಪಿಕಪ್ ಸಿಗಲಿ ಎಂದು ಇನ್ನೂ ಮುಂಚೆ ಮಾಡಬಾರದು. ಬೇಗ ಚಿಮ್ಮಿದರೆ ಗಾಳಿ ಇನ್ನೂ ಸಾಕಷ್ಟು ಬಿಸಿಯಾಗಿರುವುದಿಲ್ಲ, ವಿಳಂಬ ಬೆಳೆಯುತ್ತದೆ, ಅಷ್ಟೂ ಹೊತ್ತು ಸೇರಿದ ಇಂಧನ ಒಟ್ಟಿಗೇ ಹೊತ್ತಿ ಟಣ್ ಎಂದು ಬಡಿಯುತ್ತದೆ. ಡೀಸೆಲ್ ನಾಕ್ ಆಗುವುದು ಉರಿಯ ಆರಂಭದಲ್ಲಿ. ಪೆಟ್ರೋಲ್‌ನಲ್ಲಿ ಅದು ಉರಿಯ ಕೊನೆಯಲ್ಲಿ, ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿದಾಗ. ಕಿವಿಗೆ ಎರಡೂ ಒಂದೇ ರೀತಿ ಕೇಳಿಸಿದರೂ ಔಷಧ ಬೇರೆ.

ಅದಲುಬದಲಾದರೆ ಆಗುವ ಅನಾಹುತಗಳು

ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿದ್ದರೆ ಹೊತ್ತುವ ವಿಳಂಬ ಬೆಳೆದು ಎಂಜಿನ್ ಬಡಿಯುತ್ತದೆ, ಡೀಸೆಲ್‌ನ ಜಿಡ್ಡನ್ನೇ ನಂಬಿದ ಪಂಪ್ ಮತ್ತು ನಾಝಲ್ ಸವೆಯುತ್ತವೆ. ಗೊತ್ತಾದ ಕೂಡಲೇ, ಸೆಲ್ಫ್ ಹೊಡೆಯದೆ, ಟ್ಯಾಂಕ್ ಖಾಲಿ ಮಾಡಬೇಕು. ಪೆಟ್ರೋಲ್ ಟ್ಯಾಂಕಿಗೆ ಡೀಸೆಲ್ ಬಿದ್ದರೆ ಅದು ಆವಿಯಾಗದೆ ಪ್ಲಗ್ ಒದ್ದೆಯಾಗಿ ಕಪ್ಪಾಗುತ್ತದೆ. ಟ್ಯಾಂಕ್, ಕಾರ್ಬೊರೇಟರ್ ತೊಳೆದು ಪ್ಲಗ್ ಬದಲಿಸಿದರೆ ಸಾಮಾನ್ಯವಾಗಿ ಬಚಾವು.

ಬೇಗ ಚಾಲೂ ಆಗಲೆಂದು ಗಾಳಿಯ ಬಾಯಿಗೆ ಹೊಡೆಯುವ ಈಥರ್ ಸ್ಪ್ರೇಯನ್ನು, ತಣ್ಣಗಿನ ಎಂಜಿನ್ನಿನ ಒಳಗನ್ನು ಕಾಯಿಸುವ ಗ್ಲೋ ಪ್ಲಗ್ ಇರುವ ಡೀಸೆಲ್‌ಗೆ ಹೊಡೆಯಲೇಬಾರದು. ಕೆಂಡದಂತಿರುವ ತುದಿಗೆ ತಾಗಿ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಹೊತ್ತಿ ರಿಂಗ್, ಪಿಸ್ಟನ್ ಮುರಿಯುತ್ತದೆ. ಈ 418 ಸಿ.ಸಿ. ಎಂಜಿನ್ ನೇರ ಇಂಜೆಕ್ಷನ್ನಿನದು, ಗ್ಲೋ ಪ್ಲಗ್ ಇಲ್ಲ. ಇರುವ ಎಂಜಿನ್ನಿನಲ್ಲಿ ಪ್ರತಿ ಪ್ಲಗ್ಗಿನ ತಂತಿ ಕಳಚಿ ಅಳೆದರೆ ಸುಮಾರು 0.5ರಿಂದ 1.5 ಓಮ್ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಪ್ಲಗ್ ಹೋಗಿದೆ. ಹೊಸ ಕಾರುಗಳಲ್ಲಿ 5 ವೋಲ್ಟ್ ಆಸುಪಾಸಿನ ಪ್ಲಗ್‌ಗಳಿರುತ್ತವೆ, ಅವನ್ನು ಪರೀಕ್ಷಿಸಲು ನೇರ 12 ವೋಲ್ಟ್ ಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತವೆ. ಬಿಚ್ಚುವಾಗ ಎಂಜಿನ್ ಬೆಚ್ಚಗಿರಲಿ. 8 ಮಿ.ಮೀ. ಥ್ರೆಡ್ಡಿನ ಪ್ಲಗ್ 20 ನ್ಯೂಟನ್ ಮೀಟರಿಗೆ, 10 ಮಿ.ಮೀ.ನದು 35ಕ್ಕೆ ಬಿಡದಿದ್ದರೆ ಬಲ ಹಾಕುವುದನ್ನು ನಿಲ್ಲಿಸಿ, ಬೋಲ್ಟ್ ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕು. ತುದಿ ಮುರಿದು ಒಳಗೆ ಬಿದ್ದರೆ ಹೆಡ್ ಎತ್ತಬೇಕಾಗುತ್ತದೆ.

ನಿಲ್ಲಿಸುವುದರಲ್ಲೂ ಇದೇ ಭೇದ. ಪೆಟ್ರೋಲ್ ಎಂಜಿನ್ ಕಿಡಿ ಕಡಿದರೆ ನಿಲ್ಲುತ್ತದೆ, ಡೀಸೆಲ್ ಇಂಧನ ಕಡಿದರೆ. ಸವೆದ ಎಂಜಿನ್ ತನ್ನದೇ ಆಯಿಲನ್ನು ಇನ್‌ಲೆಟ್ ಮೂಲಕ ಎಳೆದುಕೊಂಡು ಉರಿಸತೊಡಗಿದರೆ ಇಂಧನ ಕಡಿದರೂ ವೇಗ ಏರುತ್ತಲೇ ಇರುತ್ತದೆ. ಆಗಿನ ಉಪಾಯ ಗಾಳಿ ಮುಚ್ಚುವುದೊಂದೇ. ಹಳೆಯ ಡೀಸೆಲ್ ರಿಪೇರಿ ಮಾಡಿ ಮೊದಲ ಸಲ ಚಾಲೂ ಮಾಡುವಾಗ ಇನ್‌ಲೆಟ್ ಬಾಯಿಗೆ ಸರಿಹೊಂದುವ ದಪ್ಪ ಹಲಗೆ ತುಂಡೊಂದು ಪಕ್ಕದಲ್ಲಿರಲಿ. ಬಟ್ಟೆ ಅಥವಾ ಅಂಗೈ ಬೇಡ, ಎಂಜಿನ್ ಎಳೆದುಕೊಳ್ಳುತ್ತದೆ.

ರಿಪೇರಿಯ ನಂತರದ ಸ್ಥಿತಿ: ಪೆಟ್ರೋಲ್ ಎಂಜಿನ್ ಪೂರ್ತಿ ಲೋಡ್ ಮೇಲೆ ಒಂದು ಗಂಟೆ ಓಡಿದ ಮೇಲೂ ಟೆಸ್ಟರಿನಲ್ಲಿ 6 ಮಿ.ಮೀ. ಕಿಡಿ. ಡೀಸೆಲ್ ರಾತ್ರಿಯಿಡೀ ತಣಿದು ಬೆಳಗ್ಗೆ ಮೂರು ಸೆಕೆಂಡಿನೊಳಗೆ ಚಾಲೂ, ಬಿಳಿ ಹೊಗೆ ಅರ್ಧ ನಿಮಿಷದಲ್ಲಿ ಮಾಯ. 20 ಗಂಟೆ ಓಡಿದ ಮೇಲೆ ಎಕ್ಸಾಸ್ಟ್ ಟ್ಯಾಪೆಟ್ ಮತ್ತೆ ಅಳೆಯಬೇಕು. ಅಷ್ಟರಲ್ಲೇ ಅಂತರ 0.10ಕ್ಕಿಂತ ಕೆಳಗಿಳಿದಿದ್ದರೆ ಸೀಟು ಇನ್ನೂ ಸವೆಯುತ್ತಿದೆ. ಹೆಡ್ ಬಿಚ್ಚಿ ವಾಲ್ವ್ ಮತ್ತು ಸೀಟಿನ ಕೆಲಸ ಮಾಡಿಸಲೇಬೇಕು.